ಟೆಂಟಿನೊಳಗಿನ ಕೆಂಡ

ಬೆಟ್ಟದ ಬುಡದಲ್ಲಿ ಟೆಂಟು ಬಾಡಿಗೆಗೆ ಕೊಡುವ ಅಂಗಡಿಯಿದೆ. ಅದರ ಹಿಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ನಿನ ಮುಂದೆ ಕೂರುವವಳನ್ನು ಎಲ್ಲರೂ ಟೆಂಟಕ್ಕ ಅನ್ನುತ್ತಾರೆ. ಹರಿದದ್ದಕ್ಕೆ ತೇಪೆ ಹಾಕುವುದು, ಕೆಟ್ಟ ಜಿಪ್ಪು ಬದಲಿಸುವುದು ಅವಳ ಕೆಲಸ.

ಅವಳ ಗಂಡ ಬಸ್ ಡ್ರೈವರ್. ಮಾತು ಕಮ್ಮಿ, ಹೆಂಡತಿಯೆಂದರೆ ಪಂಚಪ್ರಾಣ. ಅವಳಿಗೋ ಚಳಿಯೆಂದರೆ ಆಗದು. ‘ನಿನ್ನ ಕಾಲು ತಗುಲಿದ್ರೆ ಫ್ರಿಜ್ಜಿನ ಬಾಗಿಲು ತೆಗೆದ ಹಾಗಾಗುತ್ತೆ’ ಎಂದು ನಗಿಸುತ್ತಿದ್ದ. ಮದುವೆಯಾದಾಗಿನಿಂದ ಎಲ್ಲಿಗೂ ಹೋಗದವರು ಒಂದು ಚಳಿಗಾಲ ಬೆಟ್ಟದ ಮೇಲೆ ಟೆಂಟು ಹಾಕಿದರು. ಹೊರಗೆ ಇದ್ದಿಲ ಒಲೆಯಲ್ಲಿ ಅಡುಗೆ ಮಾಡಿ ಉಂಡರು. ಮಲಗಿದಾಗ ಅವಳು, ‘ಕಾಲು ಮರಗಟ್ತಿದೆ ರೀ’ ಅಂದಳು. ಅಷ್ಟೇ ಅಂದದ್ದು.

‘ನೀನು ಮಲಕ್ಕೋ, ನಾನು ನೋಡ್ಕೋತೀನಿ’ ಎಂದು ಅವನು ತನ್ನ ಕೋಟನ್ನೂ ಅವಳಿಗೆ ಹೊದಿಸಿದ. ಅವಳಿಗೆ ನಿದ್ದೆ ಹತ್ತಿದ ಮೇಲೆ, ಕೆಂಪಗೆ ನಿಗಿನಿಗಿ ಅನ್ನುತ್ತಿದ್ದ ಒಲೆಯನ್ನು ಒಳಗೆ ತಂದಿಟ್ಟು, ಗಾಳಿ ನುಗ್ಗದಂತೆ ಜಿಪ್ಪು ಎಳೆದ.

ಬೆಳಿಗ್ಗೆ ಪಕ್ಕದ ಟೆಂಟಿನವರು ಕೂಗಿ ಕೂಗಿ ಸೋತು ಜಿಪ್ಪು ತೆಗೆದರು. ಅವಳ ಮುಖ ಟೆಂಟಿನ ಬಟ್ಟೆಯಂಚಿನಲ್ಲಿ ಗಾಳಿಯಾಡುವ ಸಂದಿಯ ಕಡೆಗಿತ್ತು, ಉಳಿದಳು. ಒಲೆಯ ಪಕ್ಕ ಮಲಗಿದ್ದ ಅವನು ಉಳಿಯಲಿಲ್ಲ. ಕೆಂಡದ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಡಾಕ್ಟರು ಹೇಳಿದ ಮೇಲೆಯೇ ಅವಳಿಗೆ ಗೊತ್ತಾದದ್ದು.

ಇನ್ನು ಅವಳು ಆ ಬೆಟ್ಟದ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಅಂದುಕೊಂಡರು ಜನ. ಅವಳು ಅದರ ಬುಡದಲ್ಲೇ ಕೆಲಸ ಹಿಡಿದಳು.

ಮೊನ್ನೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು.

‘ಅಕ್ಕ, ಇದ್ದಿಲ ಒಲೆ ಸಿಗುತ್ತಾ? ಒಳಗೆ ಬೆಚ್ಚಗಿರಲಿ ಅಂತ.’

‘ಅಡುಗೆಗೆ ಆದ್ರೆ ತಗೊಂಡು ಹೋಗಪ್ಪ. ಕೆಂಡ, ಗ್ಯಾಸು, ಯಾವುದೂ ಒಳಗೆ ಬೇಡ.’

‘ಸ್ವಲ್ಪ ಹೊತ್ತು ಇಟ್ಟು ತೆಗೀತೀವಿ.’

‘ತೆಗೆಯೋಕೆ ಎಚ್ಚರ ಇರಬೇಕಲ್ಲ?’

ಅವಳೇ ಎದ್ದು ದಪ್ಪ ಚಾಪೆ ಕೊಟ್ಟಳು. ಒಣಗಿದ ಕಾಲುಚೀಲ ಹಾಕ್ಕೊಳ್ಳಿ, ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ ಕಾಲ ಹತ್ತಿರ ಇಟ್ಟುಕೊಳ್ಳಿ, ಮೇಲಿನ ಕಿಂಡಿ ಮಾತ್ರ ಮುಚ್ಚಬೇಡಿ ಅಂದಳು. ಗಂಡನ ಸುದ್ದಿ ಎತ್ತಲಿಲ್ಲ.

ಮನೆಯಲ್ಲಿ ಅತ್ತೆಗೆ ಈಗ ಅರಳುಮರಳು. ಅವಳು ಚಪ್ಪಲಿ ಬಿಡುವಷ್ಟರಲ್ಲಿ ದಿನವೂ ಕೇಳುವುದನ್ನೇ ಕೇಳಿದರು: ‘ಅಲ್ಲಮ್ಮ, ಅವನಿಗೆ ಹೊಗೆ ವಾಸನೆನಾದ್ರೂ ಬರಲಿಲ್ವಾ?’

‘ಹೊಗೆ ಇರಲಿಲ್ಲ ಅತ್ತೆ.’

‘ನಿನಗೂ ಏನೂ ಗೊತ್ತಾಗಲಿಲ್ವಾ?’

‘ನಂಗೆ ಒಳ್ಳೆ ನಿದ್ದೆ ಬಂದಿತ್ತು,’ ಅಂದಳು. ‘ಬೆಚ್ಚಗಿತ್ತು.’

ಅತ್ತೆ ಮಂಚದ ಮೇಲೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು.