ಬಲ್ಬು ಬಿಟ್ಟು ಅಂಗಳಕ್ಕೆ

ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಹಾಜರಿದ್ದವರು ನಾನು, ನನ್ನ ಸೊಸೆ, ಮಗ, ಮತ್ತು ಬೇಲಿಯಾಚೆಯ ಬ್ಯಾರಿ ಮನೆಯ ಹೆಂಗಸು. ಆಕೆ ಕರೆಯದೆಯೂ ಬರುವವಳು, ಬಂದರೆ ಉಪಕಾರವೇ. ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿಯೇ ಆಯುಷ್ಯದ ಬಹುಪಾಲು ಕಳೆದ ನನಗೆ ಹೊತ್ತು, ಹಾಜರಿ ಹೇಳದೆ ಯಾವ ಕೆಲಸವನ್ನೂ ಶುರು ಮಾಡಲು ಬರುವುದಿಲ್ಲ. ನಮ್ಮೂರು ಇಚಿಲಂಪಾಡಿಯವರು ಈಗಲೂ ನನ್ನನ್ನು ಸಿಸ್ಟರಕ್ಕ ಎಂದೇ ಕರೆಯುತ್ತಾರೆ.

ಅಂದಿನ ಕೆಲಸ, ಕೊಯಿಲದ ಫಾರ್ಮಿನಿಂದ ತಂದಿದ್ದ ಕೋಳಿಮರಿಗಳನ್ನು ಹೊರಗಿನ ಗೂಡಿಗೆ ದಾಟಿಸುವುದು. ಅಲ್ಲಿಯವರೆಗೆ ಅವು ನಮ್ಮ ಹಳೆಯ ಹೊಗೆಮನೆಯಲ್ಲಿದ್ದವು. ಹಿಂದೆ ರಬ್ಬರ್ ಶೀಟು ಒಣಗಿಸುತ್ತಿದ್ದ ಕೋಣೆ ಅದು; ಈಗ ರಬ್ಬರ್ ಹಾಲನ್ನು ಶೀಟು ಮಾಡದೆ ಹಾಗೆಯೇ ಮಾರುವುದರಿಂದ ಖಾಲಿ ಬಿದ್ದಿತ್ತು. ಅಲ್ಲಿ ತಗಡನ್ನು ದುಂಡಗೆ ಬಗ್ಗಿಸಿ, ಒಳಗೆ ಉಮಿ ಹರಡಿ, ಮೇಲೆ ಬಲ್ಬು ತೂಗಿಸಿದ್ದೆವು. ಮರಿಗಳಿಗೆ ತಾಯಿ ಎಂದರೆ ಆ ಬಲ್ಬೇ. ಮೈತುಂಬ ಪುಕ್ಕ ಬಂದ ಮೇಲೆ ಹಗಲು ಅದನ್ನು ಆರಿಸಿದೆ. ರಾತ್ರಿ ಮಾತ್ರ ಇಲಿಗಳ ಭಯಕ್ಕೆ ಸಣ್ಣದೊಂದನ್ನು ಉರಿಸುತ್ತಿದ್ದೆ.

ಮರಿಗಳು ನನ್ನವಲ್ಲ, ಸೊಸೆಯವು. ಅವಳು ಪುತ್ತೂರಿನ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸದಲ್ಲಿದ್ದಳು. ಬೆಳಕು ಹರಿಯುವ ಮೊದಲು ಬಸ್ಸು ಹತ್ತಿ, ದಿನವಿಡೀ ನಿಂತು, ಕತ್ತಲಾದ ಮೇಲೆ ಕಾಲು ಎಳೆಯುತ್ತ ಮನೆಗೆ ಬರುತ್ತಿದ್ದಳು. ಆ ಕೆಲಸ ಬಿಟ್ಟು ಕೋಳಿ ಸಾಕಲು ಹೊರಟಳು. ಮೊದಲ ಸಲದ ಮರಿಗಳಲ್ಲಿ ಹೆಚ್ಚಿನವು ಹೊರಗಿನ ಗೂಡಿನ ಮೊದಲ ರಾತ್ರಿಯೇ ಸತ್ತವು. ನಾನಾಗ ಅಜ್ಜಾವರದ ಮಗಳ ಮನೆಯಲ್ಲಿದ್ದೆ. ಗೂಡಿಗೆ ಹೋಗಲು ಒಪ್ಪದ ಮರಿಗಳನ್ನು ಅವಳು ಕತ್ತಲಲ್ಲಿ ಹಿಡಿಹಿಡಿದು ಒಳಗೆ ತುಂಬಿದ್ದಳಂತೆ. ಹೆದರಿದವು ಒಂದೇ ಮೂಲೆಗೆ ನುಗ್ಗಿ, ಒಂದರ ಮೇಲೊಂದು ರಾಶಿ ಬಿದ್ದು, ಅಡಿಯಲ್ಲಿದ್ದವು ಉಸಿರುಗಟ್ಟಿ ಹೋದವು. ಅದಾದ ಮೇಲೆ ಅಂಗಡಿಯವರು ಅವಳನ್ನು ವಾಪಸ್ ಕರೆದಿದ್ದರು. ಉತ್ತರವನ್ನು ಆ ಭಾನುವಾರ ರಾತ್ರಿಯೊಳಗೆ ಹೇಳಬೇಕಿತ್ತು. ಈ ಸಲವೂ ಹಾಗೇ ಆದರೆ ಮರುದಿನದ ಬಸ್ಸಿಗೆ ಹೊರಡುತ್ತೇನೆ ಎಂದು ಅವಳು ನನ್ನೊಡನೆ ಸಣ್ಣ ದನಿಯಲ್ಲಿ ಹೇಳಿದ್ದಳು. ಹಾಗಾಗಲು ನಾನು ಬಿಡುವವಳಲ್ಲ.

ಏರ್ಪಾಟೆಲ್ಲ ನನ್ನದೇ. ಗೂಡಿನ ಮೂಲೆಗಳಲ್ಲಿ ಉಮಿಯ ಚೀಲ ಒತ್ತಿ ದುಂಡು ಮಾಡಿಸಿದೆ, ರಾಶಿ ಬೀಳಲು ಮೂಲೆಯೇ ಇರಬಾರದೆಂದು. ಗೂಡಿನ ಮುಂದಿನ ಜಾಗಕ್ಕೆ ಸುತ್ತಲೂ, ಮೇಲಕ್ಕೂ ಮಂಗಳೂರಿನ ಹಳೆಯ ಮೀನಿನ ಬಲೆ ಕಟ್ಟಿಸಿದೆ. ಗಿಡುಗ ಬಂದರೂ ನೋಡಿಕೊಂಡು ಹೋಗಬೇಕು, ಅಷ್ಟೆ. ಮಗ ಮೂರು ಕಡೆ ಕಟ್ಟಿ, ನಾಲ್ಕನೆಯ ಕಡೆ ನಾಳೆಯಾದರೂ ಸಾಕಲ್ಲ ಎಂದ. ಗಿಡುಗಕ್ಕೆ ನಾಳೆ ಬರಲು ನೀನು ಹೇಳಿದ್ದೀಯಾ ಎಂದು ಕೇಳಿದೆ. ಕಟ್ಟಿದ.

ಮರಿಗಳನ್ನು ಬುಟ್ಟಿಯಲ್ಲಿ ತಂದು ಬಿಟ್ಟಾಗ ಅವು ಬಹಳ ಹೊತ್ತು ಅಲುಗಾಡಲಿಲ್ಲ. ಮಣ್ಣು ಎಂದರೇನೆಂದು ಅವುಗಳಿಗೆ ಗೊತ್ತಿರಲಿಲ್ಲ. ಆಮೇಲೆ ಕುತ್ತಿಗೆಯ ಮೇಲೆ ಪುಕ್ಕ ಇನ್ನೂ ಸರಿಯಾಗಿ ಬಾರದ ಒಂದು ಮರಿ ಕಾಲಿನಿಂದ ನೆಲ ಕೆದರಿತು. ಒಂದು ಹುಳ ಸಿಕ್ಕಿತು. ಉಳಿದವು ಅದರ ಹಿಂದೆ ಓಡಿದವು. ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಜಾಗ ಕೆದರಿ ಹೊಂಡವಾಗಿತ್ತು. ಸೊಸೆ ಬಲೆಯ ಹತ್ತಿರವೇ ಕುಳಿತು ಗಂಜಿ ಉಂಡಳು. ನಾನು ಎಂದಿನಂತೆ ಮಲಗಿ, ಎಂದಿನ ಹೊತ್ತಿಗೆ ಎದ್ದೆ.

ತೊಂದರೆ ಬಂದದ್ದು ಮುಚ್ಚಂಜೆಗೆ. ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತು ತಪ್ಪುವುದಿಲ್ಲ. ತುಳಸಿಕಟ್ಟೆಯಲ್ಲಿ ದೀಪವಿಟ್ಟೆ, ಜಗಲಿಯ ಲೈಟು ಹಾಕಿದೆ, ಅಂಗಳದ ಟ್ಯೂಬ್ ಲೈಟು ಹಾಕಿದೆ. ಬೇಲಿಯಾಚೆಯ ಮನೆಯಲ್ಲೂ ಮಸೀದಿಯ ಬಾಂಗಿಗೆ ಸರಿಯಾಗಿ ಗೇಟಿನ ದೊಡ್ಡ ಲೈಟು ಉರಿಯಿತು. ಗೂಡು ಮಾತ್ರ ಕತ್ತಲು. ಗೂಡಿನ ಬಾಗಿಲಲ್ಲಿದ್ದ ಮರಿಗಳೂ ತಿರುಗಿ ಜಗಲಿಯ ಕಡೆಗೆ ಓಡಿದವು. ಬಲೆಗೆ ತಲೆ ತೂರಿಸಿ, ಒಂದನ್ನೊಂದು ಹತ್ತಿ, ಕಿವಿ ತೂತಾಗುವಂತೆ ಕೂಗತೊಡಗಿದವು.

ಬೇಲಿಯ ಹತ್ತಿರ ನಿಂತಿದ್ದ ನೆರೆಮನೆಯವಳು ನಕ್ಕಳು. "ಸಿಸ್ಟರಕ್ಕ, ನಿಮ್ಮ ಮಕ್ಕಳಿಗೆ ಗೂಡು ಬೇಡ ಅಂತ. ಜಗಲಿಯಲ್ಲಿ ಚಾಪೆ ಹಾಕಿ ಕೊಡಿ."

ಸೊಸೆ ನಗಲಿಲ್ಲ. ಬಲೆ ಎತ್ತಿ ಒಳಗೆ ನುಗ್ಗಿ ಒಂದನ್ನು ಹಿಡಿದಿದ್ದಳು. "ಅತ್ತೆ, ಹೋದ ಸಲವೂ ಹೀಗೇ ಆದದ್ದು," ಎಂದಳು.

ಅದನ್ನು ಕೆಳಗೆ ಬಿಡಲು ಹೇಳಿದೆ. ಎಲ್ಲಿ ತಪ್ಪಿತು ಎಂಬುದು ಆಗ ಹೊಳೆಯಿತು. ಹುಟ್ಟಿದಂದಿನಿಂದ ಬೆಳಕಿನಡಿಯಲ್ಲೇ ಮಲಗಿದ ಮರಿಗಳು ಬೆಳಕು ಕಂಡಲ್ಲಿಗೆ ಮಲಗಲು ಹೊರಟಿವೆ. ಅವುಗಳ ಮಟ್ಟಿಗೆ ಈಗ ನಮ್ಮ ಮನೆಯೇ ಹೊಗೆಮನೆ. ಅವುಗಳನ್ನು ಹಿಡಿಯುವುದಲ್ಲ, ಬೆಳಕನ್ನು ಆಚೆಗೆ ದಾಟಿಸಬೇಕು.

ಮಗನಿಗೆ ಹೊಗೆಮನೆಯ ಬಲ್ಬನ್ನು ವಯರು ಸಮೇತ ಬಿಚ್ಚಿ ತರಲು ಹೇಳಿದೆ. ಅಂಗಳದ್ದು, ಜಗಲಿಯದು, ಒಳಗಿನದು ಎಲ್ಲ ಆರಿಸಿದೆ.

"ಟಿವಿಯೂ ಆಫ್ ಮಾಡುದಾ ಅಮ್ಮ? ಮ್ಯಾಚು ಉಂಟು," ಎಂದ ಮಗ.

"ಮರಿಗಳು ಮ್ಯಾಚು ನೋಡುದಿಲ್ಲ. ಆಫ್ ಮಾಡು."

ನೆರೆಮನೆಯವಳ ಕಡೆ ತಿರುಗಿ, ಆ ಗೇಟಿನ ಲೈಟು ಕೂಡ ಎಂದೆ. ಅದು ಅವಳ ಗಂಡ ದುಬೈಯಿಂದ ರಜೆಗೆ ಬಂದಾಗ ತಂದದ್ದು. ಅರ್ಧ ಊರಿಗೆ ಸಾಕಾಗುವಷ್ಟು ಬೆಳಕು. "ಅದು ಬಂದಲ್ಲಿಂದ ಇವತ್ತಿನವರೆಗೆ ಸಂಜೆಗೆ ಆಫ್ ಆದದ್ದಿಲ್ಲ ಮಾರಾಯ್ರೆ. ಅವರು ಕೇಳಿದ್ರೆ ಕೋಳಿ ಹೆಸರು ಹೇಳ್ತೇನೆ," ಎನ್ನುತ್ತ ಓಡಿದಳು. ಆ ಬೆಳಕೂ ಹೋಯಿತು.

ಉಳಿದದ್ದು ತುಳಸಿಯ ದೀಪ. ಹಚ್ಚಿದ ದೀಪವನ್ನು ಆರಿಸುವ ಕ್ರಮ ನಮ್ಮಲ್ಲಿಲ್ಲ. ಮರಿಗಳಿಗೆ ನೀರಿಡಲು ತಂದಿದ್ದ ಅಡಿಕೆ ಹಾಳೆಯೊಂದು ಅಲ್ಲೇ ಇತ್ತು. ಅದನ್ನು ದೀಪಕ್ಕೆ ಅಡ್ಡ ನಿಲ್ಲಿಸಿ ಒಂದು ಕಲ್ಲು ಒರಗಿಸಿದೆ. ದೀಪ ಉರಿಯುತ್ತಲೇ ಇತ್ತು, ಮರಿಗಳಿಗೆ ಕಾಣಲಿಲ್ಲ.

ಮಗ ಗೂಡಿನೊಳಗೆ ಬಲ್ಬು ತೂಗಿಸಿ ಸ್ವಿಚ್ಚು ಹಾಕಿದ. ಕತ್ತಲ ಅಂಗಳದಲ್ಲಿ ಅದೊಂದೇ ಹಳದಿ ಬಾಗಿಲು. ಮರಿಗಳ ಕೂಗು ಸಣ್ಣದಾಯಿತು. ಬೆಳಿಗ್ಗೆ ಮೊದಲು ನೆಲ ಕೆದರಿದ ಆ ಬೋಳು ಕುತ್ತಿಗೆಯದೇ ಮೊದಲು ತಿರುಗಿತು. ಗೂಡಿಗೆ ಹತ್ತಲು ಒರಗಿಸಿದ್ದ ಹಲಗೆಯ ಬುಡದಲ್ಲಿ ನಿಂತು ಯೋಚಿಸಿತು, ಹತ್ತಿತು. ಮತ್ತೊಂದು ಹತ್ತಿತು. ಆಮೇಲೆ ನಮಗೆ ಲೆಕ್ಕ ಸಿಗದಷ್ಟು ಅವಸರದಲ್ಲಿ ಎಲ್ಲವೂ ಹೋದವು. ಸೊಸೆ ಒಂದನ್ನೂ ಮುಟ್ಟಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಇಬ್ಬರೂ ಬಗ್ಗಿ ನೋಡಿದೆವು. ರಾಶಿ ಬಿದ್ದಿರಲಿಲ್ಲ. ಬಲ್ಬಿನ ಅಡಿಯಲ್ಲಿ ಚೆದುರಿ, ಕೆಲವು ಕಾಲು ಚಾಚಿ, ಆಗಲೇ ಕಣ್ಣು ಮುಚ್ಚಿದ್ದವು. ವಾರ್ಡಿನಲ್ಲಿ ಮಕ್ಕಳು ಮಲಗಿದ ಮೇಲೆ ಸದ್ದಿಲ್ಲದೆ ನಡೆಯುತ್ತಿದ್ದಂತೆ ನಾನು ಹಿಂದೆ ಸರಿದೆ.

ಸೊಸೆ ಅಲ್ಲೇ ನಿಂತು ಅಂಗಡಿಗೆ ಫೋನು ಮಾಡಿದಳು. ಬರುವುದಿಲ್ಲ, ಇಲ್ಲಿ ಕೆಲಸ ಉಂಟು ಎಂದಷ್ಟೇ ಹೇಳಿದಳು. ಫೋನಿಟ್ಟು ನನ್ನ ಕಡೆ ನೋಡಿದಳು.

"ಹಾಗಾದ್ರೆ ನಾಳೆ ಬೇಗ ಏಳುದು ಬೇಡ ಅಲ್ವಾ ಅತ್ತೆ?"

"ಏಳಬೇಕು. ಬಾಗಿಲು ತೆಗೆಯುದು ಯಾರು?"

ಅವಳು ಗೂಡಿನ ಚಿಲಕ ಹಾಕಿದಳು. ನಾನು ಎಳೆದು ನೋಡಿದೆ, ಸರಿಯಾಗಿತ್ತು. ತುಳಸಿಕಟ್ಟೆಗೆ ಹೋಗಿ ಹಾಳೆ ತೆಗೆದು, ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿದೆ.