ಎರಡು ಬೆರಳು ದಪ್ಪದ ಇಟ್ಟಿಗೆ

ಕಂಪ್ಲಿಯ ನಮ್ಮ ಮನೆಯ ಇಟ್ಟಿಗೆ ಎರಡು ಬೆರಳಿಗಿಂತ ದಪ್ಪವಿರಲಿಲ್ಲ. ಈಗಿನ ಭಟ್ಟಿಯ ಇಟ್ಟಿಗೆಯ ಪಕ್ಕದಲ್ಲಿಟ್ಟರೆ ರೊಟ್ಟಿಯಂತೆ ಕಾಣುತ್ತಿತ್ತು. ಓಣಿಯ ಉಳಿದ ಹಳೆಯ ಮನೆಗಳೆಲ್ಲ ಕಲ್ಲು ಮಣ್ಣಿನವು. ಸುಣ್ಣದ ಗಚ್ಚು ಹಾಕಿ ಪೂರಾ ಇಟ್ಟಿಗೆಯಲ್ಲಿ ಕಟ್ಟಿದ್ದು ಇದೊಂದೇ. ಹೊಸಪೇಟೆಯ ಕಾಲೇಜು ಸೇರಿದ ವರ್ಷ ಒಂದು ಭಾನುವಾರ ಹಂಪಿಗೆ ಹೋದಾಗ, ಬಿದ್ದ ಮಂಟಪವೊಂದರ ಮೇಲ್ಭಾಗದಲ್ಲಿ ಅಂಥದೇ ಇಟ್ಟಿಗೆ ಕಂಡೆ. ಬೆರಳಿಟ್ಟು ಅಳೆದೆ. ಅಲ್ಲೂ ಎರಡೇ. ಅಷ್ಟರಿಂದ ನಮ್ಮ ಮನೆ ಆ ಕಾಲದ್ದೆಂದು ಹೇಳಲಾಗದು, ಅದು ನನಗೂ ಗೊತ್ತಿತ್ತು. ಆದರೂ ಅಂದಿನಿಂದ ದಿನಚರಿಯಲ್ಲಿ ಮನೆಗೆಂದೇ ಬೇರೆ ಪುಟ ತೆರೆದೆ.

ಬೀದಿ ಗೋಡೆ, ನೆಲದಿಂದ ತೊಲೆಯವರೆಗೆ ಅರವತ್ತೊಂದು ವರಸೆ ಇಟ್ಟಿಗೆ. ದಪ್ಪ ಒಂದೂವರೆ ಮೊಳ. ದೀಪದ ಗೂಡುಗಳು ಒಂಬತ್ತು. ಒಂದರ ತಲೆಯಲ್ಲೂ ಕಟ್ಟಿಗೆಯ ತುಂಡಿಲ್ಲ, ಇಟ್ಟಿಗೆಗಳೇ ಒಂದಕ್ಕೊಂದು ಆತು ನಿಂತ ಕಮಾನುಗಳು.

ಇನ್ನೊಂದು ಲೆಕ್ಕ ಸವಳಿನದು, ಗೋಡೆಗೆ ಏರುವ ಉಪ್ಪು ತೇವದ್ದು. ಕಾಲುವೆ ಬಂದು ಸುತ್ತ ಭತ್ತ, ಕಬ್ಬು ಆದ ಮೇಲೆ ನೆಲದೊಳಗಿನ ನೀರು ಮೇಲೆದ್ದಿತ್ತು. ಹೊಲಕ್ಕೆ ಬಂದ ನೀರು ಗೋಡೆಗೂ ಬಂತು. ಪ್ರತಿ ತಿಂಗಳ ಒಂದನೇ ತಾರೀಖು ತೇವದ ಗೆರೆಗೆ ಪೆನ್ಸಿಲ್ ಗುರುತು ಹಾಕುತ್ತಿದ್ದೆ. ಅಕ್ಟೋಬರ್, ಒಂಬತ್ತನೇ ವರಸೆ. ಜನವರಿಗೆ ಒಣಗಿ ಏಳು.

ದೊಡ್ಡಪ್ಪನಿಗೆ ಈ ಗುರುತುಗಳೇ ಸಾಕ್ಷಿ. "ಸವಳು ಹಿಡದ ಮನ್ಯಾಗ ಎಷ್ಟ ದಿನ ಇರೋದು? ಬ್ಯಾಸಿಗಿಗೆ ಕೆಡವಿ ಆರ್‌ಸಿಸಿ ಹಾಕ್ಸಾಣ" ಎಂದ. ಮನೆಯಲ್ಲಿ ಅವನದೇ ಕೊನೆಯ ಮಾತು. ಅಪ್ಪ ಹುಟ್ಟಿದ್ದು ಇದೇ ಪಡಸಾಲೆಯಲ್ಲಿ, ಅವನಿಗೆ ಕೆಡವಲು ಮನಸ್ಸಿರಲಿಲ್ಲ. ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಕಚೇರಿಗೆ ನಾನು ಕಾಗದ ಬರೆದೆ. ಅಧಿಕಾರಿ ಬಂದು ನೋಡುತ್ತಾರೆಂದು ಉತ್ತರ ಬಂತು: ಫೆಬ್ರವರಿ ಹನ್ನೊಂದು, ಸೋಮವಾರ.

"ಆತು," ಎಂದ ದೊಡ್ಡಪ್ಪ. "ಇದು ಉಳಸೋ ಮನಿ ಅಂತ ಸಾಹೇಬ್ರು ಬರದು ಕೊಟ್ರ ಒಂದು ಇಟ್ಟಂಗಿ ಮುಟ್ಟಂಗಿಲ್ಲ. ಇಲ್ಲಂದ್ರ ನಿನ್ನ ಅಳತಿ ಟೇಪು ಸುತ್ತಿ ಇಡಬೇಕು ನೋಡಲೇ."

ಪರೀಕ್ಷೆ ಮುಗಿಸಿ ನಾನು ಊರಿಗೆ ಬಂದದ್ದು ಒಂಬತ್ತನೇ ತಾರೀಖು. ಓಣಿಯಲ್ಲಿ ನಮ್ಮ ಮನೆ ದಾಟಿ ನಾಲ್ಕು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದೆ. ತಿರುಗಿ ನೋಡಿದರೆ ಗೋಡೆ ನೀಲಿ. ಕಟ್ಟೆಯ ಮೇಲೆ ಅಪ್ಪ ಕೂತಿದ್ದ, ಮುಂಗೈ ಕೂದಲಲ್ಲಿ ಒಣಗಿದ ಸಿಮೆಂಟು.

"ಹೆಂಗೈತಿ? ಮಸ್ತ್ ಆಗೇತಿಲ್ಲ?"

"ನಿಮ್ಮಪ್ಪಾರು ನಾಕು ದಿನ ಹೊಲದ ಕಡಿ ಮುಖಾನೇ ಹಾಕಿಲ್ಲ," ಎಂದು ಅವ್ವ ಒಳಗಿನಿಂದ ನಕ್ಕಳು. "ಮೇಸ್ತ್ರಿಗೇ ಪಾಠ ಮಾಡ್ಯಾರ."

ಹಬ್ಬ ಬರಲಿ, ಹೆಣ್ಣು ನೋಡುವವರು ಬರಲಿ, ನಮ್ಮಲ್ಲಿ ಮೊದಲು ಗೋಡೆಗೆ ಬಣ್ಣ. ಉಪ್ಪು ಉದುರುವ ಗೋಡೆ ತೋರಿಸಿದರೆ ಬಂದವರಿಗೆ ಅವಮಾನ. ಸಾಹೇಬರು ಮನೆ ನೋಡಲು ಬರುತ್ತಾರೆ ಎಂದಷ್ಟೇ ನಾನು ಅಪ್ಪನಿಗೆ ಹೇಳಿದ್ದೆ. ನೋಡುವುದು ಇಟ್ಟಿಗೆಯನ್ನು ಎಂದು ಹೇಳಿರಲಿಲ್ಲ. ದಿನಚರಿಯಲ್ಲಿ ಮಾತ್ರ ಆ ಮಾತು ಮೂರು ಕಡೆ ಇದೆ.

ಸಿಮೆಂಟು ಹಿಡಿಯಲೆಂದು ಮೇಸ್ತ್ರಿ ಉಳಿಯಿಂದ ಇಟ್ಟಿಗೆಗಳಿಗೆಲ್ಲ ಕಚ್ಚು ಹಾಕಿದ್ದ. ಒಳಗಿನ ಗೋಡೆಗಳಿಗೂ ಸಿಮೆಂಟಿನ ಗಿಲಾವು ಆಗಿತ್ತು. ಒಂಬತ್ತು ಗೂಡುಗಳಲ್ಲಿ ಉಳಿದದ್ದು ಅಡಿಗೆ ಮನೆಯದೊಂದು, ಹೊಗೆ ಹಿಡಿದದ್ದು. ಭಾನುವಾರ ಹಿತ್ತಲ ಬದಿಯಲ್ಲಿ ಸಿಮೆಂಟು ಕೆರೆದು ನೋಡಿದೆ. ಇಟ್ಟಿಗೆಯ ಮುಖವೇ ಅದಕ್ಕೆ ಅಂಟಿಕೊಂಡು ಬಂತು. ಮೂರು ಇಟ್ಟಿಗೆ ಆದ ಮೇಲೆ ನಿಲ್ಲಿಸಿದೆ.

ಸೋಮವಾರ ಹನ್ನೊಂದೂವರೆಗೆ ಜೀಪು ಬಂತು. ಅಧಿಕಾರಿ ಮೈಸೂರು ಕಡೆಯವರು. ಗೋಡೆಗೆ ಬೆರಳ ಗೆಣ್ಣಿನಿಂದ ಬಡಿದರು.

"ಯಾವ ಕಾಲದ್ದು ಇದು?"

"ಭಾಳ ಹಳೇದ್ರಿ," ಎಂದ ಅಪ್ಪ.

"ಬಣ್ಣ ಇನ್ನೂ ಕೈಗೆ ಹತ್ತುತ್ತಲ್ಲರೀ!"

ದೊಡ್ಡಪ್ಪ ಜೋರಾಗಿ ನಕ್ಕ. ಅಪ್ಪ ಎರಡೂ ಕೈ ಜೋಡಿಸಿದ. "ಸಾಹೇಬ್ರ, ಈ ಬಣ್ಣ ಬ್ಯಾಡಂದ್ರ ಬ್ಯಾರೇದು ಹಚ್ಚಸ್ತೀನ್ರಿ."

ಅವರು ಅಡಿಗೆ ಮನೆಯ ಗೂಡನ್ನು ಟಾರ್ಚು ಹಾಕಿ ನೋಡಿದರು. ನನ್ನ ದಿನಚರಿಯನ್ನೂ ಪುಟ ಬಿಡದೆ ಓದಿದರು. ಹೊರಡುವಾಗ ಜೀಪಿನ ಹತ್ತಿರ ನನಗೊಬ್ಬನಿಗೇ ಹೇಳಿದರು: "ಅಳತೆ ಅಚ್ಚುಕಟ್ಟಾಗಿದೆಯಪ್ಪ. ಆದರೆ ನಾನು ಬರೆಯೋದು ಕಣ್ಣಿಗೆ ಕಂಡದ್ದನ್ನ. ಹೋದ ವಾರ ಬಂದಿದ್ದರೆ ಬೇರೆ ಮಾತಾಗಿತ್ತು."

ಮಾರ್ಚ್ ಒಂದು: ಸಿಮೆಂಟಿನ ಹಿಂದೆ ಒಣಗಲಾರದ ತೇವ ನೀಲಿಯನ್ನು ಉಬ್ಬಿಸಿಕೊಂಡು ಮೇಲೆ ಬಂದಿತ್ತು. ಎಣಿಸಲು ವರಸೆ ಕಾಣುತ್ತಿರಲಿಲ್ಲ, ಟೇಪು ಹಿಡಿದೆ. ಎರಡೂವರೆ ಅಡಿ. ಅಷ್ಟು ಎತ್ತರ ಅದು ಹಿಂದೆಂದೂ ಏರಿರಲಿಲ್ಲ.

ಏಪ್ರಿಲ್‌ನಲ್ಲಿ ಕೆಡವಿದರು. ಗಿಲಾವು ಅಂಟಿದ ಇಟ್ಟಿಗೆ ಮತ್ತೆ ಕಟ್ಟಲು ಬರುವುದಿಲ್ಲವೆಂದು ಮೇಸ್ತ್ರಿ ಎಲ್ಲವನ್ನೂ ಹೊಸ ಪಾಯಕ್ಕೆ ತುಂಬಿಸಿದ. ಎಣಿಸಲು ಕೂತೆ; ಮಧ್ಯಾಹ್ನದ ಹೊತ್ತಿಗೆ ಲೆಕ್ಕ ತಪ್ಪಿತು. ಮತ್ತೆ ಶುರು ಮಾಡಲಿಲ್ಲ.

ಈಗ ಆರ್‌ಸಿಸಿ ಮನೆಗೆ ಯಾರೇ ಬಂದರೂ ಅಪ್ಪ ಹಳೆಯ ಮನೆಯ ಮಾತು ತೆಗೆಯುತ್ತಾನೆ. "ಉಳೀತಿತ್ರಿ," ಎನ್ನುತ್ತಾನೆ. "ಸಾಹೇಬ್ರಿಗೆ ಆ ನೀಲಿ ಹಿಡಸ್ಲಿಲ್ಲ."

ನಾನು ತಿದ್ದಿಲ್ಲ.