ಅಕ್ಕನ ಗುಲಾಬಿಗೆ ನೀರು

ಬಸ್ ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೂ ಡ್ರೈವರನ ಬಲಗಾಲು ಸುಮ್ಮನಿರಲಿಲ್ಲ. ಕುರ್ಚಿಯಲ್ಲಿ ಕೂತರೂ ಇಲ್ಲದ ಬ್ರೇಕು ಒತ್ತುತ್ತಿತ್ತು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಇಂಥವನ ಕೈಗೆ ಅಕ್ಕ ತನ್ನ ತಾರಸಿಯ ಕುಂಡಗಳನ್ನು ಒಪ್ಪಿಸಿ ಆಸ್ಪತ್ರೆ ಸೇರಿದಳು. ಎದೆಯಲ್ಲಿ ಸೋಂಕು, ವಾರ್ಡಿನೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಹೋಗುವಾಗ ಹೇಳಿದ್ದು ಒಂದೇ ಮಾತು: "ಆ ಬಿಳಿ ಗುಲಾಬಿ ಅಮ್ಮ ನೆಟ್ಟಿದ್ದು ಕಣೋ. ಬೇರೇನು ಒಣಗಿದ್ರೂ ಪರವಾಗಿಲ್ಲ, ಅದೊಂದು ಉಳಿಸ್ಕೊಡು."

ಉಳಿಸಲೇಬೇಕೆಂದು ಹೊರಟವನ ಅವಸ್ಥೆ ನೋಡಬೇಕಿತ್ತು. ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡುವನು. "ಹಾಗೇ ಇದ್ದಾರೆ" ಅಂದರೆ ಗುಲಾಬಿಗೆ ಒಂದು ಚೊಂಬು ನೀರು. ಮಧ್ಯಾಹ್ನ ಆಸ್ಪತ್ರೆಯವರು ಫೋನ್ ಎತ್ತದಿದ್ದರೆ ಇನ್ನೆರಡು. ನೀರು ಕುಂಡದ ತಟ್ಟೆ ತುಂಬಿ ಮೆಟ್ಟಿಲಿಗಿಳಿಯಿತು. ಕೆಳಮನೆಯ ದರ್ಜಿ ಕೂಗಿ ಕೇಳಿದ, "ಸ್ವಾಮಿ, ಮೇಲೆ ಗಿಡ ಸಾಕ್ತಿದ್ದೀರೋ, ಮೀನು ಸಾಕ್ತಿದ್ದೀರೋ?"

ಎಲೆ ಹಳದಿಯಾಯಿತು. ಗೊಬ್ಬರ ಸಾಲದೇನೋ ಎಂದು ಡ್ರೈವರ ಮೂಲೆಯ ಡ್ರಮ್ಮಿಗೆ ಕೈಹಾಕಿದ. ತರಕಾರಿ ಸಿಪ್ಪೆ, ಒಣಗಿದೆಲೆ ತುಂಬಿ, ಗೊಬ್ಬರವಾಗಲೆಂದು ಅಕ್ಕ ಮುಚ್ಚಿಟ್ಟಿದ್ದನ್ನು ಇವನು ದಿನವೂ ಮುಚ್ಚಳ ತೆಗೆದು ಕೆದಕಿ, ಕಾವು ಹಿಡಿಯಲು ಬಿಟ್ಟಿರಲಿಲ್ಲ. ಬೇಯುವ ತನಕ ಕಾದವರು ಆರುವ ತನಕ ಕಾಯಬಾರದೇ ಅನ್ನುತ್ತಾರೆ; ಈ ಮಹಾಶಯ ಬೇಯುವ ತನಕವೂ ಕಾದವನಲ್ಲ. ಸಿಪ್ಪೆ ಇನ್ನೂ ಸಿಪ್ಪೆಯಾಗಿರುವಾಗಲೇ ಬೊಗಸೆ ತುಂಬ ಬುಡಕ್ಕೆ ಸುರಿದ. ಅದು ಕುಂಡದಲ್ಲೇ ಕೊಳೆತು ನಾರಿತು. ಅಕ್ಕ ಮನೆಗೆ ಬರುವ ಹೊತ್ತಿಗೆ ಗುಲಾಬಿ ಕರೀ ಕಡ್ಡಿಯಾಗಿತ್ತು.

ಅವಳು ಪರವೂರಿನಿಂದ ಬಂದ ಮಗಳ ತೋಳು ಹಿಡಿದು, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಂಡು, ತಾರಸಿ ಹತ್ತಿದಳು. ತಮ್ಮನೋ ನೀರಿನ ಟ್ಯಾಂಕಿನ ಹಿಂದೆ ಅವಿತು ನಿಂತಿದ್ದ. ಅರವತ್ತು ದಾಟಿದ ಗಂಡಸು! ಅಕ್ಕ ಕಡ್ಡಿ ಹಿಡಿದೆಳೆದಳು. ಕೊಳೆತ ಬೇರಿನ ಸಮೇತ ಕೈಗೆ ಬಂತು.

"ಇಷ್ಟೊಂದು ನೀರು ಯಾರಾದ್ರೂ ಹಾಕ್ತಾರೇನೋ?"

"ನಿನ್ನ ಹತ್ರ ಬಿಡ್ಲಿಲ್ಲ ಅಕ್ಕಾ," ಎಂದ. "ಇನ್ನೇನ್ ಮಾಡ್ಬೇಕೋ ಗೊತ್ತಾಗ್ಲಿಲ್ಲ."

"ಅಮ್ಮ ಇದ್ದಿದ್ರೆ ನಿಂಗೆ ಬಾರಿಸ್ತಿದ್ಲು," ಎನ್ನುತ್ತಲೇ ಅವಳು ಕಟ್ಟೆಯ ಮೇಲೆ ಕುಸಿದು ಅಳತೊಡಗಿದಳು. ಸಿಟ್ಟೂ ಇತ್ತು, ದುಃಖವೂ ಇತ್ತು. ಕೆಮ್ಮು ಒತ್ತರಿಸಿತು. ಅವನು ಗಾಬರಿಯಾಗಿ ಚೊಂಬಿಗೆ ಕೈಹಾಕಿದ.

ಅಕ್ಕ ಅವನ ಅಂಗಿ ಹಿಡಿದೆಳೆದಳು. "ಎಲ್ಲಿಗೋ? ಪಕ್ಕದಲ್ಲಿ ಕೂತ್ಕೋ. ನಾನು ಬದುಕಿ ಬಂದಿದ್ದೀನಲ್ಲ."